ವೈ-ಫೈ ಸಿಮ್ಯುಲೇಶನ್ ಬೇಗ ಮುಗಿಸಲು ನಾನು ಮಾಡಿದ್ದು

ಎನ್‌ಎಸ್-3 ಅನ್ನುವ ಜಾಲ ಸಿಮ್ಯುಲೇಟರ್‌ನಲ್ಲಿ 200 ನೋಡ್‌ಗಳ (ಅಂದರೆ 200 ಸಾಧನಗಳ) ವೈ-ಫೈ ಜಾಲ ಕಟ್ಟಿದ್ದೆ. ಸಂಜೆ ರನ್‌ಗೆ ಹಾಕಿ ಮಲಗಿದರೆ ಬೆಳಿಗ್ಗೆ ಕಾಫಿ ಹೊತ್ತಿಗೂ ಮುಗಿದಿರುತ್ತಿರಲಿಲ್ಲ. ಜಾಲದೊಳಗೆ ಓಡುತ್ತಿದ್ದದ್ದು ಬರೀ 60 ಸೆಕೆಂಡಿನ ಟ್ರಾಫಿಕ್.

ಮೊದಲು ಸುಲಭದ ಕೆಲಸ ಮಾಡಿದೆ. ಆಪ್ಟಿಮೈಸ್ಡ್ ಪ್ರೊಫೈಲ್‌ನಲ್ಲಿ ಮತ್ತೆ ಬಿಲ್ಡ್ ಮಾಡಿದೆ. ವೇಗಕ್ಕೆಂದೇ ಇರುವ ಆ ಬಿಲ್ಡ್‌ನಲ್ಲಿ ಲಾಗ್, ಅಸರ್ಟ್ (ಕೋಡ್‌ನೊಳಗಿನ ತಪಾಸಣೆ) ಎರಡೂ ಇರುವುದಿಲ್ಲ. ಸುಮ್ನೆ ಡಿಸ್ಕ್ ತುಂಬುತ್ತಿದ್ದ ಪಿಕ್ಯಾಪ್ (ಪ್ಯಾಕೆಟ್ ದಾಖಲೆ) ಫೈಲ್‌ಗಳನ್ನೂ ನಿಲ್ಲಿಸಿದೆ. ವ್ಯತ್ಯಾಸ ಕಂಡಿತು, ಆದರೆ ಸಾಲಲಿಲ್ಲ.

ಆಮೇಲೆ, ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪರ್ಫ್ ಟೂಲ್ ಹಾಕಿ ನೋಡಿದೆ. ಸಮಯವೆಲ್ಲ ಚಾನೆಲ್‌ನಲ್ಲೇ, ಅಂದರೆ ನೋಡ್‌ನಿಂದ ನೋಡ್‌ಗೆ ಸಿಗ್ನಲ್ ಸಾಗಿಸುವ ಭಾಗದಲ್ಲೇ, ಹೋಗುತ್ತಿತ್ತು. ಒಂದು ನೋಡ್ ಒಂದು ಫ್ರೇಮ್ ಕಳಿಸಿದರೆ ಚಾನೆಲ್ ಉಳಿದ 199 ನೋಡ್‌ಗಳಿಗೂ ಒಂದೊಂದು ರಿಸೀವ್ ಈವೆಂಟ್ ಹಾಕುತ್ತದೆ. ಊರಾಚೆ ಕೂತ ನೋಡ್‌ಗೂ ಹಾಕುತ್ತದೆ. ಅಲ್ಲಿ ಸಿಗ್ನಲ್ ನಾಯ್ಸ್‌ನಲ್ಲಿ ಮುಳುಗಿದ್ದರೂ ಅದನ್ನೂ ಲೆಕ್ಕ ಹಾಕಲೇಬೇಕು.

ಸ್ಪೆಕ್ಟ್ರಮ್ ಚಾನೆಲ್‌ಗೆ ಬದಲಾಯಿಸಿಕೊಂಡೆ. ಅದರಲ್ಲಿ ‘ಮ್ಯಾಕ್ಸ್‌ಲಾಸ್‌ಡಿಬಿ’ ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟು ಡೆಸಿಬೆಲ್‌ಗಿಂತ ಜಾಸ್ತಿ ಸವೆದ ಸಿಗ್ನಲನ್ನು ಆ ನೋಡ್‌ಗೆ ತಲುಪಿಸುವುದೇ ಇಲ್ಲ. ಮೊದಲು 100 ಇಟ್ಟೆ. ರನ್ ಸರಸರ ಮುಗಿಯಿತು. ಆದರೆ ಥ್ರೂಪುಟ್ (ಸೆಕೆಂಡಿಗೆ ತಲುಪುವ ಡೇಟಾ) ಕೂಡ ಏರಿತ್ತು. ಜಾಲ ಅದೇ, ಟ್ರಾಫಿಕ್ ಅದೇ. ಏರಬಾರದಿತ್ತು ಅಲ್ವಾ?

ಕೂತು ಲೆಕ್ಕ ಹಾಕಿದೆ. ಕಳಿಸುವ ಪವರ್ 16 ಡಿಬಿಎಂ (ಪವರ್‌ನ ಡೆಸಿಬೆಲ್ ಅಳತೆ), 100 ಕಳೆದರೆ −84. 20 ಮೆಗಾಹರ್ಟ್ಸ್ ಚಾನೆಲ್‌ನ ನಾಯ್ಸ್, ರಿಸೀವರ್‌ನದೇ ನಾಯ್ಸ್ 7 ಡಿಬಿ ಸೇರಿಸಿದರೂ, ಸುಮಾರು −94. ಅಂದರೆ ನಾಯ್ಸ್‌ಗಿಂತ 10 ಡಿಬಿ ಮೇಲಿದ್ದ ಸಿಗ್ನಲ್‌ಗಳನ್ನೂ ಕತ್ತರಿಸಿಬಿಟ್ಟಿದ್ದೆ. ಅವು ಡಿಕೋಡ್ ಆಗದೇ ಇರಬಹುದು, ಆದರೆ ಬೇರೆಯವರ ಫ್ರೇಮ್ ಕೆಡಿಸುವ ಬಲ ಅವಕ್ಕಿದೆ. 120ಕ್ಕೆ ಏರಿಸಿದೆ. ಅದೇ ಜಾಲವನ್ನು 5 ಸೆಕೆಂಡಿನ ಟ್ರಾಫಿಕ್‌ಗೆ ಇಳಿಸಿ, ಕತ್ತರಿ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಅವೇ ರನ್ ನಂಬರ್‌ಗಳಲ್ಲಿ (ಯಾವ ರ್‍ಯಾಂಡಮ್ ಸಂಖ್ಯೆಗಳು ಬರಬೇಕೆಂದು ಇವು ಹೇಳುತ್ತವೆ) ಓಡಿಸಿ ಹೋಲಿಸಿದೆ. ನೋಡ್ ಕಡಿಮೆ ಮಾಡಲಿಲ್ಲ. ದೂರದ ಸಣ್ಣ ಸಿಗ್ನಲ್‌ಗಳೂ ಹತ್ತಾರು ಸೇರಿದರೆ ಭಾರವೇ. ಎರಡೂ ಹೊಂದಿದ ಮೇಲೇ 60 ಸೆಕೆಂಡಿನ ರನ್‌ಗೆ ಕೈ ಹಾಕಿದ್ದು.

20 ರನ್‌ಗಳನ್ನು ಒಂದಾದ ಮೇಲೊಂದು ಓಡಿಸುವುದನ್ನೂ ಬಿಟ್ಟೆ. ಈಗ 8 ಕೋರ್‌ಗೆ 8 ಪ್ರೋಸೆಸ್. ಸೀಡ್ (ರ್‍ಯಾಂಡಮ್ ಸಂಖ್ಯೆಗಳ ಮೂಲ ಅಂಕೆ) ಮುಟ್ಟುವುದಿಲ್ಲ, ರನ್ ನಂಬರ್ ಮಾತ್ರ ಬದಲಿಸುತ್ತೇನೆ. ಬೇರೆ ಬೇರೆ ಸೀಡ್ ಕೊಟ್ಟರೆ ಎರಡು ರನ್‌ಗಳ ರ್‍ಯಾಂಡಮ್ ಸಂಖ್ಯೆಗಳು ಒಂದರ ಮೇಲೊಂದು ಬೀಳುವುದಿಲ್ಲ ಅನ್ನುವ ಖಾತ್ರಿ ಇಲ್ಲ.

ಎಲ್ಲ ನೋಡ್‌ಗಳೂ ಒಂದೇ ಹಾಲ್‌ನಲ್ಲಿದ್ದರೆ ಈ ಕತ್ತರಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಆ 199 ಈವೆಂಟ್‌ಗಳೂ ಬೇಕೇ ಬೇಕು. ಅಂಥ ರನ್‌ಗಳನ್ನು ಈಗಲೂ ರಾತ್ರಿಗೇ ಹಾಕುತ್ತೇನೆ.