ಮೈನಸ್ ನೀರು

ರಾತ್ರಿ ಎರಡೂವರೆ. ಸ್ಕ್ರೀನಿನ ಮೇಲೆ ನೀರು ಮೈನಸ್‌ನಲ್ಲಿತ್ತು. ನೀರು ಕಮ್ಮಿ ಇರಬಹುದು, ಇಲ್ಲದೆಯೂ ಇರಬಹುದು. ಸೊನ್ನೆಗಿಂತ ಕೆಳಗೆ ಹೇಗೆ ಹೋಗುತ್ತದೆ?

ನಾನಿದ್ದದ್ದು ಸ್ವಿಟ್ಜರ್ಲೆಂಡಿನ ವಿಲ್ಲಿಗನ್‌ನಲ್ಲಿ, ಪೌಲ್ ಶೆರರ್ ಇನ್‌ಸ್ಟಿಟ್ಯೂಟಿನ ನ್ಯೂಟ್ರಾನ್ ಕಿರಣ ಹಾಯಿಸಿ ವಸ್ತುವಿನ ಒಳಗಿನ ಚಿತ್ರ ತೆಗೆಯುವ ಬೀಮ್‌ಲೈನ್ ಒಂದರಲ್ಲಿ. ನೋಡುತ್ತಿದ್ದದ್ದು ಹೈಡ್ರೋಜನ್ ಫ್ಯೂಯೆಲ್ ಸೆಲ್. ಅದರಲ್ಲಿ ಹೈಡ್ರೋಜನ್, ಆಕ್ಸಿಜನ್ ಸೇರಿ ಕರೆಂಟಿನ ಜೊತೆ ನೀರೂ ಹುಟ್ಟುತ್ತದೆ. ಮಧ್ಯದ ನ್ಯಾಫಿಯಾನ್ ಎಂಬ ಪ್ಲಾಸ್ಟಿಕ್ ಪೊರೆ ಒದ್ದೆ ಇದ್ದರೇ ಪ್ರೋಟಾನ್ ದಾಟುವುದು. ಆದರೆ ಪಕ್ಕದ ಕಾರ್ಬನ್ ಪೇಪರಿನಲ್ಲಿ, ಅಂದರೆ ಕಾರ್ಬನ್ ನಾರಿನ ಹಾಳೆಯಲ್ಲಿ, ನೀರು ಜಾಸ್ತಿಯಾದರೆ ಆಕ್ಸಿಜನ್ ಬರುವ ದಾರಿ ಮುಚ್ಚಿಹೋಗುತ್ತದೆ. ಆ ಪೇಪರಿನ ದಪ್ಪ ಸುಮಾರು 0.2 ಮಿ.ಮೀ., ಅಷ್ಟೇ. ಎರಡೂ ಬದಿಯ ಪ್ಲೇಟು ಅಲ್ಯೂಮಿನಿಯಂದು, ನ್ಯೂಟ್ರಾನ್‌ಗೆ ಅದು ಗಾಜಿದ್ದ ಹಾಗೆ. ನೀರಿನ ಹೈಡ್ರೋಜನ್ ಮಾತ್ರ ಬಲವಾಗಿ ಅಡ್ಡ ಬರುತ್ತದೆ. ಹಾಗಾಗಿ ಸೆಲ್ ಬಿಚ್ಚದೆ, ಓಡುತ್ತಿರುವಾಗಲೇ, ಅಂಚಿನ ಕಡೆಯಿಂದ ಚಿತ್ರ ತೆಗೆಯಬಹುದು.

ಲೆಕ್ಕ ಸುಲಭ. ಮೊದಲು ಒಣ ಸೆಲ್‌ನ ಚಿತ್ರ, ಆಮೇಲೆ ಓಡುವ ಸೆಲ್‌ನದು. ಭಾಗಿಸಿ ಲಾಗ್ ತೆಗೆದರೆ ನೀರಿನ ದಪ್ಪ ಸಿಗುತ್ತದೆ. ನಾನು ಎಡವಿದ್ದು ಆ ಒಣ ಚಿತ್ರದಲ್ಲೇ.

ಬೀಮ್ ಸಿಗುವುದೇ ಕೆಲವು ದಿನ. ಆ ಆತುರದಲ್ಲಿ ಸೆಲ್ ತಣ್ಣಗಿದ್ದಾಗಲೇ ಒಣ ಚಿತ್ರ ತೆಗೆದುಬಿಟ್ಟಿದ್ದೆ. ಓಡಿಸಿದ್ದು 80 ಡಿಗ್ರಿಯಲ್ಲಿ. ಚಿತ್ರ ಹಿಗ್ಗಿಸಿ ನೋಡಿದೆ: ಕಪ್ಪು ಗೆರೆ, ಅದಕ್ಕೆ ಅಂಟಿದ ಹಾಗೆ ಬಿಳಿ ಗೆರೆ, ಪ್ಲೇಟಿನ ಅಂಚಿನುದ್ದಕ್ಕೂ. ನೀರು ಇಷ್ಟು ನೆಟ್ಟಗೆ ನಿಲ್ಲುತ್ತದಾ? ಅದು ನೀರಲ್ಲ, ಚಿನ್ನ! ಅಲ್ಯೂಮಿನಿಯಂ ತುಕ್ಕು ಹಿಡಿಯದಿರಲಿ ಅಂತ ಪ್ಲೇಟಿಗೆ ಚಿನ್ನದ ತೆಳು ಲೇಪ ಕೊಟ್ಟಿದ್ದೆವು. ಚಿನ್ನ ನ್ಯೂಟ್ರಾನ್ ನುಂಗುತ್ತದೆ. ಬಿಸಿಗೆ ಪ್ಲೇಟು ಹಿಗ್ಗಿ, ಪೊರೆ ನೀರು ಕುಡಿದು ಉಬ್ಬಿ, ಆ ಗೆರೆ ನಾಲ್ಕು ಪಿಕ್ಸೆಲ್ ಸರಿದಿತ್ತು. ಮೊದಲಿದ್ದ ಜಾಗದಲ್ಲಿ ಮೈನಸ್ ನೀರು, ಈಗಿರುವ ಜಾಗದಲ್ಲಿ ಸುಳ್ಳು ನೀರು.

ಮತ್ತೆ 80 ಡಿಗ್ರಿಗೆ ಏರಿಸಿ, ಒಣ ನೈಟ್ರೋಜನ್ ಹಾಯಿಸಿ, ಬಿಸಿಯಲ್ಲೇ ಒಣ ಚಿತ್ರ ತೆಗೆದೆ. ಆ ರಾತ್ರಿಯ ಅರ್ಧ ಅದಕ್ಕೇ ಹೋಯಿತು. ಉಳಿದದ್ದು ಪೊರೆ ಉಬ್ಬುವುದರ ಸಣ್ಣ ಜರುಗು. ಅದನ್ನು ಸಾಫ್ಟ್‌ವೇರಿನಲ್ಲಿ ಸರಿ ಮಾಡಿದೆ. ಇಡೀ ಚಿತ್ರವನ್ನು ಒಟ್ಟಿಗೆ ಜರುಗಿಸಿದರೆ ಆಗಲ್ಲ, ಹೈಡ್ರೋಜನ್ ಬರುವ ಆನೋಡ್ ಕಡೆ ಬೇರೆ, ಗಾಳಿ ಬರುವ ಕ್ಯಾಥೋಡ್ ಕಡೆ ಬೇರೆ ಕೂರಿಸಬೇಕು. ಆಗ ಕಂಡಿತು ನಿಜವಾದ ನೀರು: ಕಾಲುವೆಗಳ ನಡುವೆ ಪ್ಲೇಟಿನ ಉಬ್ಬು ಒತ್ತುವ ಕಡೆ ಪೇಪರಿನಲ್ಲಿ ದಟ್ಟ, ಗಾಳಿ ಹರಿಯುವ ಕಾಲುವೆಯ ಕಡೆ ತೆಳು.

ಚಿನ್ನದ ಕಾಟ ಅಲ್ಲಿಗೂ ಮುಗಿಯಲಿಲ್ಲ. ಬೀಮ್‌ನಲ್ಲಿ ಅಲ್ಯೂಮಿನಿಯಂ ಕೂಡ ವಿಕಿರಣ ಸೂಸಲು ಶುರು ಮಾಡುತ್ತದೆ, ಆದರೆ 2 ನಿಮಿಷ ಚಿಲ್ಲರೆಗೆ ಅರ್ಧಕ್ಕಿಳಿಯುತ್ತದೆ. ಚಿನ್ನಕ್ಕೆ ಅರ್ಧ ಇಳಿಯಲು 2.7 ದಿನ ಬೇಕು. ಕೊನೆಗೆ ಸೆಲ್ ಹತ್ತಿರ ಹಿಡಿದಾಗ ವಿಕಿರಣ ಅಳೆಯುವ ಮೀಟರ್ ಕಿರಿಕಿರಿ ಸದ್ದು ಮಾಡುತ್ತಲೇ ಇತ್ತು. ಸೆಲ್ಲನ್ನು ಅಲ್ಲೇ ಕಪಾಟಿನಲ್ಲಿಟ್ಟು, ನಾನು ಬರೀ ಹಾರ್ಡ್‌ಡಿಸ್ಕ್ ಹಿಡಿದು ಬಸ್ ಹತ್ತಿದೆ.