ಕಾಣೆಯ ಕಿವಿಕಲ್ಲಿನಲ್ಲಿ ದಿನ ಎಣಿಸಿದ್ದು: ನನ್ನ ಅನುಭವ

"ನಮ್ಮ ನೀರಿಗೆ ಚಳಿಗಾಲವೇ ಇಲ್ಲ, ಉಂಗುರ ಎಲ್ಲಿಂದ ಬರಬೇಕು? ಉದ್ದ ಅಳೆದು ಕಂಪ್ಯೂಟರಿಗೆ ಹಾಕಿದರೆ ಸಾಕಲ್ಲ." ಕಾಣೆ (ಲೇಡಿಫಿಶ್) ಮೀನಿನ ಮರಿಗಳ ಆಟೋಲಿತ್ ಕೆಲಸ ಹಿಡಿದಾಗ ಎಲ್ಲರದೂ ಇದೇ ಮಾತು. ಆಟೋಲಿತ್ ಅಂದರೆ ಮೀನಿನ ಒಳಕಿವಿಯ ಸುಣ್ಣದ ಕಲ್ಲು; ಮರದ ಉಂಗುರದ ಹಾಗೆ ಅದರ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. ವರ್ಷದ ಉಂಗುರದ ಮಟ್ಟಿಗೆ ಆ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಪನ್ನೆಲ್ಲಾ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿದ್ದು ದಿನದ ಗೆರೆ, ಮತ್ತು ಹಗಲು ರಾತ್ರಿ ಮಂಗಳೂರಿನಲ್ಲೂ ಆಗುತ್ತದೆ. ಈಗ 80–90 ಮಿ.ಮೀ. ವರೆಗಿನ ಕಾಣೆಗೆ ಒಂದು ವಾರ ಹೆಚ್ಚುಕಡಿಮೆಯಲ್ಲಿ ವಯಸ್ಸು ಹೇಳುತ್ತೇನೆ, ಅದೂ ಕಲ್ಲು ಕತ್ತರಿಸುವ ಡೈಮಂಡ್ ಗರಗಸ ಇಲ್ಲದೆ. ಲಕ್ಷಗಟ್ಟಲೆಯ ಗರಗಸದ ಕೊಟೇಶನ್ ಫೈಲಿನಲ್ಲೇ ಇದೆ.

ಮರಿಗಳು ಬಂದದ್ದು ಮೂಲ್ಕಿ ಮತ್ತು ಗುರುಪುರ ಅಳಿವೆಯ ಬೀಸುಬಲೆಯವರಿಂದ. ಜೂನ್, ಜುಲೈ ಟ್ರಾಲಿಂಗ್ ನಿಷೇಧದಲ್ಲೂ ಇವರ ಬಲೆ ನಿಲ್ಲುವುದಿಲ್ಲ, ಹಾಗಾಗಿ ಮಾದರಿಯಲ್ಲಿ ಎರಡು ತಿಂಗಳ ಗುಂಡಿ ಬೀಳಲಿಲ್ಲ. ದೊಡ್ಡ ಕಾಣೆಗೆ ಮಾತ್ರ ದುಡ್ಡು ಸುರಿಯಬೇಕು. ತಲೆ ಸೀಳಿದ ಕಾಣೆಯನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ. ಕಿವಿರು ಎತ್ತಿ, ಕೆಳಗಿನಿಂದ ಬುರುಡೆಯ ತಳದ ಉಬ್ಬನ್ನು ಚೂಪು ಚಿಮಟದಿಂದ ಒಡೆದರೆ ಎರಡೂ ಸ್ಯಾಜಿಟಾ (ಸಾಮಾನ್ಯವಾಗಿ ಕಿವಿಕಲ್ಲುಗಳಲ್ಲೇ ದೊಡ್ಡ ಜೋಡಿ) ಈಚೆ ಬರುತ್ತವೆ, ಮೀನು ನೋಡಲು ಇದ್ದ ಹಾಗೇ ಇರುತ್ತದೆ. ಇದನ್ನು ಮೀನು ಮಾರುವ ಹೆಂಗಸರ ಮುಂದೆಯೇ ಮಾಡಿ ತೋರಿಸಿದ ಮೇಲೆ ಖರ್ಚು ಕಾಲು ಭಾಗಕ್ಕೆ ಇಳಿಯಿತು. ಉದ್ದವನ್ನು ಅಲ್ಲೇ ಅಳೆದು ಬರೆದುಕೊಳ್ಳಬೇಕು, ಅಷ್ಟೇ.

ಫಾರ್ಮಲಿನ್ ವಿಷಯ ಗೊತ್ತಿದ್ದೂ ಮೋಸ ಹೋದೆ. ಬೇರೆ ಕೆಲಸಕ್ಕೆಂದು ಫಾರ್ಮಲಿನ್‌ನಲ್ಲಿ ಇಟ್ಟಿದ್ದ ಎರಡು ಬಾಟಲಿ ಮರಿಗಳು ಪುಕ್ಕಟೆ ಸಿಕ್ಕವು. ತೆಗೆದು ನೋಡಿದರೆ ಕಲ್ಲುಗಳೆಲ್ಲ ಸುಣ್ಣದ ಪುಡಿಯಂತೆ ಬೆಳ್ಳಗೆ, ಅಂಚು ಕರಗಿ ಹೋಗಿತ್ತು. ಫಾರ್ಮಲಿನ್‌ನ ಆಮ್ಲಕ್ಕೆ ಕಲ್ಲಿನ ಅರಗೊನೈಟ್ (ಸುಣ್ಣದ ಹರಳು) ನಿಲ್ಲುವುದಿಲ್ಲ. ಐಸ್ ಅಥವಾ 95% ಆಲ್ಕೋಹಾಲ್, ಎರಡೇ. ತೆಗೆದ ಕೂಡಲೇ ಪೊರೆ ಬಿಡಿಸಿ, ತೊಳೆದು, ಒಣಗಿಸಿ ಸಣ್ಣ ಟ್ಯೂಬಿಗೆ ಹಾಕಿ. ಪೊರೆ ಒಣಗಿ ಅಂಟಿಕೊಂಡರೆ ಆಮೇಲೆ ಬಿಡಿಸುವಾಗ ಅಂಚು ಚಕ್ಕೆ ಏಳುತ್ತದೆ.

ಉಜ್ಜುವುದು ಕಾರಿಗೆ ಬಣ್ಣ ಹೊಡೆಯುವವರ ವಾಟರ್ ಪೇಪರ್ ಮೇಲೆ: 800, 1200, 2000. ಕೊನೆಗೆ ಹಲ್ಲಿನ ಲ್ಯಾಬ್‌ಗಳಿಗೆ ಮಾಲು ಕೊಡುವ ಅಂಗಡಿಯ 0.3 ಮೈಕ್ರಾನ್ ಅಲ್ಯುಮಿನಾ ಪುಡಿ, ಒದ್ದೆ ಬಟ್ಟೆಯ ಮೇಲೆ. ಟೂತ್‌ಪೇಸ್ಟ್ ಸಾಕು ಅಂತ ಯಾರೋ ಹೇಳಿದ್ದನ್ನು ಮಾಡಿ ನೋಡಿದೆ; ಗೀರು ಹೋಗುತ್ತದೆ, ಆದರೆ ಬಿರುಕಿನೊಳಗೆ ಬಿಳಿ ಕೂತುಬಿಡುತ್ತದೆ. 60 ಮಿ.ಮೀ.ಗಿಂತ ಚಿಕ್ಕ ಮರಿಯಾದರೆ ಕಲ್ಲನ್ನು ಮಲಗಿಸಿ ಎರಡೂ ಕಡೆ ಉಜ್ಜುತ್ತೇನೆ. ಅದಕ್ಕೂ ದೊಡ್ಡದಾದರೆ ಅಡ್ಡ ಛೇದವೇ ಬೇಕು. ಗರಗಸವಿಲ್ಲದ್ದರಿಂದ ಎಪಾಕ್ಸಿಯಲ್ಲಿ ಹುದುಗಿಸಿ ಒಂದು ತುದಿಯಿಂದ ಕಲ್ಲಿನ ನಡುಬಿಂದುವಾದ ಕೋರ್‌ವರೆಗೆ, ಆಮೇಲೆ ತಿರುಗಿಸಿ ಇನ್ನೊಂದು ತುದಿಯಿಂದ. ಮೊದಲ 60 ಕಲ್ಲಿನಲ್ಲಿ 40ರಷ್ಟು ಕೋರ್ ದಾಟಿ ಹೋದವು. 1200ಕ್ಕೆ ಬಂದ ಮೇಲೆ ಹತ್ತು ಸಲ ಉಜ್ಜಿದರೆ ಒಮ್ಮೆ ಮೈಕ್ರೋಸ್ಕೋಪು, 2000ದಲ್ಲಿ ಐದಕ್ಕೊಮ್ಮೆ. ಕೋರ್ ಚುಕ್ಕೆ ಮಸುಕಾಗಿ ಕಂಡಾಗಲೇ ಪೇಪರ್ ಬಿಡಬೇಕು; ಸ್ಪಷ್ಟವಾಗಲಿ ಅಂತ ಕಾದರೆ ಹೋಯಿತು. ಯಾವ ಕೋನದಲ್ಲಿ ಕೂರಿಸಿದರೆ ಕೋರ್‌ನಿಂದ ಅಂಚಿನವರೆಗೆ ಗೆರೆಗಳೆಲ್ಲ ಒಂದೇ ಫೋಕಸ್‌ನಲ್ಲಿ ಸಿಗುತ್ತವೆ ಅನ್ನುವುದು ಆ 40 ಕಲ್ಲಿನ ಬೆಲೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಂಟಿನದು ಬೇರೆಯೇ ಗೋಳು. ಐದು ನಿಮಿಷದ ಎಪಾಕ್ಸಿ ಮೆತ್ತಗೇ ಉಳಿದು ಪೇಪರಿಗೆ ಮೆತ್ತಿಕೊಳ್ಳುತ್ತದೆ. ಇಪ್ಪತ್ನಾಲ್ಕು ಗಂಟೆಯ ಅರಾಲ್ಡೈಟ್ ಮಳೆಗಾಲದಲ್ಲಿ ಮೂರು ದಿನವಾದರೂ ಜಿಗುಟು. ರಟ್ಟಿನ ಪೆಟ್ಟಿಗೆಯೊಳಗೆ 60 ವಾಟ್ ಬಲ್ಬ್ ಉರಿಸಿ ರಾತ್ರಿಯಿಡೀ ಇಟ್ಟ ಮೇಲೆ ಸರಿಯಾಯಿತು. ಚಿಕ್ಕ ಕಲ್ಲನ್ನು ಗಾಜಿಗೆ ಕೂರಿಸಲು ಸೂಪರ್ ಗ್ಲೂ ಬಳಸಿದರೆ ತಿರುಗಿಸುವಾಗ ಕಲ್ಲೇ ಒಡೆಯುತ್ತದೆ. ಕ್ರಿಸ್ಟಲ್‌ಬಾಂಡ್ ಒಂದು ಕಡ್ಡಿ ತರಿಸಿದ್ದೆ. ಬಿಸಿ ಮಾಡಿದರೆ ಕರಗಿ ತಿರುಗಿಸಲು ಬಿಡುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದು ಮುಗಿದ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್, ಬಿಡಿಸಲು ಅಸಿಟೋನ್. ಒಂದು ಬಾಟಲಿಯಲ್ಲಿ ನೂರು ಕಲ್ಲಾದರೂ ಕೂರುತ್ತವೆ.

ಇಷ್ಟಾಗಿ ಗೆರೆ ಕಂಡವು. ಎಣಿಸಿದರೆ 45 ಮಿ.ಮೀ. ಮರಿಗೆ ನೂರೈವತ್ತು ದಿನ! ಉದ್ದದ ಲೆಕ್ಕದವರು ನಕ್ಕರು, ನಗಬೇಕಾದದ್ದೇ. ತಪ್ಪು ಎಲ್ಲಿದೆ ಅಂತ ತಿಳಿಯಲು, ಗೊತ್ತಿರುವ ದಿನ ಕಲ್ಲಿಗೆ ಬಣ್ಣದ ಗುರುತು ಹಾಕಿದ ಮೀನೇ ಬೇಕಿತ್ತು. ಕಾಣೆ ಮರಿ ತೊಟ್ಟಿಯಲ್ಲಿ ಬದುಕುತ್ತದೆ, ತಳಕ್ಕೆ ಎರಡು ಇಂಚು ಮರಳು ಹಾಕಿದರೆ ಹುದುಗಿಕೊಂಡು ತೆಪ್ಪಗಿರುತ್ತದೆ. ಬೂತಾಯಿ (ಸಾರ್ಡೀನ್) ಮೀನಿನಲ್ಲಿ ಈ ಸುಖವಿಲ್ಲ; ಮುಟ್ಟಿದರೆ ಹುರುಪೆ ಉದುರಿ ಸಾಯುತ್ತದೆ.

ಮೊದಲು ಪಶುವೈದ್ಯರ ಅಂಗಡಿಯ ಆಕ್ಸಿಟೆಟ್ರಾಸೈಕ್ಲಿನ್ ಪುಡಿ. ಅದರಲ್ಲಿ ಔಷಧಿಗಿಂತ ತುಂಬುಪುಡಿಯೇ ಹೆಚ್ಚು. ನೀರು ರಾತ್ರಿಯೊಳಗೆ ಕೊಳೆತು, 30 ಮರಿಗಳಲ್ಲಿ ಉಳಿದದ್ದು ನಾಲ್ಕು. ಶುದ್ಧ ಪುಡಿ ತಂದರೂ ಉಪ್ಪುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದುಕೊಳ್ಳುತ್ತವೆ, ಕಲ್ಲಿಗೆ ಸೇರುವುದು ಅಷ್ಟಕ್ಕಷ್ಟೆ. ಹಾಗಾಗಿ ಅಲಿಝರಿನ್ ರೆಡ್ ಎಸ್ ಎಂಬ ಬಣ್ಣಕ್ಕೆ ಬಂದೆ. ಎಲುಬಿಗೆ ಬಣ್ಣ ಹಾಕುವ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಎಲ್ಲಾದರೂ ಒಂದು ಬಾಟಲಿ ಇದ್ದೇ ಇರುತ್ತದೆ. ಲೀಟರಿಗೆ 200 ಮಿ.ಗ್ರಾಂ., ಲವಣಾಂಶ 15 ಪಿಪಿಟಿಗೆ ಇಳಿಸಿದ ನೀರು, 24 ಗಂಟೆ, ಕತ್ತಲು, ಗಾಳಿ. ಹಿಂದಿನ ದಿನ ಆಹಾರ ಬೇಡ. ಬಣ್ಣ ಕರಗಿದೊಡನೆ ಪಿಎಚ್ ಜಾರುತ್ತದೆ. ಅಡುಗೆ ಸೋಡಾ ಹಾಕಿ 8ರ ಆಸುಪಾಸಿಗೆ ತಂದ ಮೇಲಷ್ಟೇ ಮೀನು ಬಿಡಬೇಕು. ಇದೊಂದು ತಪ್ಪಿದ್ದಕ್ಕೆ ಒಂದು ತೊಟ್ಟಿ ಪೂರ್ತಿ ಹೋಯಿತು.

ಇಪ್ಪತ್ತು ದಿನ ಬಿಟ್ಟು ಎರಡನೇ ಗುರುತು, ಇನ್ನೊಂದು ವಾರಕ್ಕೆ ಕಲ್ಲು ತೆಗೆದೆ. ಹಸಿರು ಬೆಳಕಿನ ಫ್ಲೋರೊಸೆನ್ಸ್ ಮೈಕ್ರೋಸ್ಕೋಪನ್ನು ಗಂಟೆ ಲೆಕ್ಕದ ಬಾಡಿಗೆಗೆ ಹಿಡಿದು ನೋಡಿದರೆ ಎರಡು ಕೆಂಪು ಗೆರೆ ಚಂದವಾಗಿ ಕೂತಿದ್ದವು. ನಡುವೆ ನನ್ನ ಹಳೆಯ ಎಣಿಕೆಯಲ್ಲಿ 38 ಗೆರೆ. ಅಂದರೆ ದಿನದ ಗೆರೆಯ ಒಳಗಿನ ಮರಿಗೆರೆಯನ್ನೂ ಎಣಿಸುತ್ತಿದ್ದೆ. ಫೋಕಸನ್ನು ಮೇಲೆ ಕೆಳಗೆ ಮಾಡಿದರೆ ಮರಿಗೆರೆ ಮಾಯವಾಗುತ್ತದೆ, ದಿನದ ಗೆರೆ ಉಳಿಯುತ್ತದೆ. ಸಂಶಯವಿದ್ದರೆ 100ರ ಲೆನ್ಸ್ ಬಿಟ್ಟು 40ಕ್ಕೆ ಇಳಿಯಬೇಕು. ಹಾಗೆ ಎಣಿಸಿದಾಗ ಹದಿನೈದು ಮೀನಿನಲ್ಲಿ 18ರಿಂದ 21 ಬಂತು. ಆ ಫೋಟೋ ತೋರಿಸಿದ ಮೇಲೆ ಚಳಿಗಾಲದ ಮಾತು ನಿಂತಿತು.

ಎಣಿಕೆ ಮೂರು ಸಲ, ವಾರ ಬಿಟ್ಟು, ಚೀಟಿ ಮುಚ್ಚಿ. ಹತ್ತು ಶೇಕಡಕ್ಕಿಂತ ವ್ಯತ್ಯಾಸ ಬಂದ ಕಲ್ಲನ್ನು ಬಿಸಾಡುತ್ತೇನೆ. ಐದರಲ್ಲಿ ಒಂದು ಹೀಗೆ ಹೋಗುತ್ತದೆ. ಗಾಜಿನಂತೆ ಪಾರದರ್ಶಕವಾದ ಕಲ್ಲು ಸಿಕ್ಕರೆ ಅದು ವಾಟೆರೈಟ್, ಅಂದರೆ ಅದೇ ಸುಣ್ಣದ ಬೇರೆ ಹರಳು. ಉಜ್ಜುವ ಶ್ರಮವೇ ದಂಡ, ಜೋಡಿಯ ಇನ್ನೊಂದನ್ನು ನೋಡಿ.

ಬದುಕಿನ ಹಂತಗಳ ಗುರುತುಗಳಲ್ಲಿ ನನಗೆ ಖಚಿತವಾಗಿ ಕಂಡದ್ದು ಎರಡು. ಕೋರ್ ಸುತ್ತಲಿನ ದಪ್ಪ ಕಪ್ಪು ಗೆರೆಯಿಂದ ನನ್ನ ಎಣಿಕೆ ಶುರು. ಅಲ್ಲಿಂದ ಸುಮಾರು ಒಂದು ತಿಂಗಳ ಗೆರೆಗಳಾದ ಮೇಲೆ ಅಗಲ ಒಮ್ಮೆಗೇ ಬದಲಾಗುತ್ತದೆ. ಅಳಿವೆಯ ಮರಳಿಗೆ ಇಳಿದ ಹೊತ್ತು ಅದು ಎಂದು ನನ್ನ ಊಹೆ, ಯಾಕೆಂದರೆ ಬೀಸುಬಲೆಯ ಅತಿ ಚಿಕ್ಕ ಮರಿಗಳಲ್ಲಿ ಆ ಗುರುತು ಅಂಚಿನ ಹತ್ತಿರವೇ ಇರುತ್ತದೆ. ಜೋರು ಮಳೆಯ ವಾರದ ಗೆರೆಗಳು ಸಣ್ಣಗಾಗುತ್ತವೆ ಅಂತಲೂ ಅನಿಸಿದೆ, ಆದರೆ ತೊಟ್ಟಿಯಲ್ಲಿ ನೋಡಿದಾಗ ಸಿಹಿನೀರು ಹಾಕಿದರೂ, ಆಹಾರ ನಿಲ್ಲಿಸಿದರೂ ಅದೇ ತರಹ ಸಣ್ಣಗಾದವು. ಯಾವುದು ಯಾವುದೆಂದು ಬೇರ್ಪಡಿಸಲು, ನೀರಿನ ಉಪ್ಪಿನ ಸುಳಿವು ಕೊಡುವ ಸ್ಟ್ರಾನ್ಷಿಯಂ ಕಲ್ಲಿನಲ್ಲಿ ಎಷ್ಟಿದೆ ಎಂದು ಅಳತೆ ಮಾಡಿಸಬೇಕು. ಒಂದೊಂದು ಕಲ್ಲಿಗೆ ಕೇಳುವ ದರ ನೋಡಿ ಸದ್ಯಕ್ಕೆ ಕೈಬಿಟ್ಟಿದ್ದೇನೆ.

ನಡುನಡುವೆ ಕೈ ಸುಮ್ಮನಿರದೆ ಕಲ್ಲೂರು (ಕ್ರೋಕರ್) ಮೀನಿನ ಕಲ್ಲನ್ನೂ ಉಜ್ಜಿದೆ. ಗಾತ್ರ ದೊಡ್ಡದು, ಕೈ ಪಳಗಿಸಲು ಅದೇ ಒಳ್ಳೆಯದು. ತೇಡೆ (ಕಡಲ ಕ್ಯಾಟ್‌ಫಿಶ್) ಮೀನಿನಲ್ಲಿ ಸ್ಯಾಜಿಟಾ ಹುಡುಕಬೇಡಿ, ಅದರಲ್ಲಿ ದೊಡ್ಡದು ಲ್ಯಾಪಿಲಸ್ ಎಂಬ ಇನ್ನೊಂದು ಜೋಡಿ ಕಿವಿಕಲ್ಲು. ದೊಡ್ಡ ಮೀನುಗಳ ಹೊಟ್ಟೆಯಲ್ಲಿ ಸಿಕ್ಕ ಕಾಣೆ ಕಲ್ಲಿನ ಉದ್ದದಿಂದ ಆ ನುಂಗಿಸಿಕೊಂಡ ಕಾಣೆಯ ಉದ್ದ ಲೆಕ್ಕ ಹಾಕಲೂ ನೋಡಿದೆ. ಜೀರ್ಣರಸಕ್ಕೆ ಅಂಚು ಸವೆದು ಉತ್ತರ ಯಾವಾಗಲೂ ಕಮ್ಮಿ ಬರುತ್ತದೆ.

150 ಮಿ.ಮೀ. ದಾಟಿದ ಕಾಣೆಯಲ್ಲಿ ಈ ವಿಧಾನ ಸೋಲುತ್ತದೆ. ಅಂಚಿನ ಗೆರೆಗಳು ಒಂದು ಮೈಕ್ರಾನ್‌ಗಿಂತ ಸಣ್ಣವಾಗಿ ಸಾದಾ ಬೆಳಕಿಗೆ ಬೇರ್ಪಡುವುದಿಲ್ಲ, ಎಣಿಸಿದರೆ ವಯಸ್ಸು ಕಡಿಮೆಯೇ ಬರುತ್ತದೆ. ಸುಣ್ಣ ಕರಗಿಸುವ ಇಡಿಟಿಎ ಎಂಬ ರಾಸಾಯನಿಕದ 5% ದ್ರಾವಣದಲ್ಲಿ ಎರಡು ಮೂರು ನಿಮಿಷ ಕೊರೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಟ್ಟ ಆರು ಕಲ್ಲಿನಲ್ಲಿ ಎರಡು ಓದಲು ಸಿಕ್ಕವು. ಉಳಿದ ನಾಲ್ಕನ್ನು ಹೆಚ್ಚು ಹೊತ್ತು ಬಿಟ್ಟು ಕರಗಿಸಿದವನು ನಾನೇ. ಮುಂದಿನ ಬಾರಿಗೆ ಒಂದೂವರೆ ನಿಮಿಷದಿಂದ ಶುರು ಮಾಡುತ್ತೇನೆ.