ರೀಸ್ಟಾರ್ಟ್ ಆದರೂ ಲ್ಯಾಂಡರ್ ಬೀಳಲಿಲ್ಲ

ಚಂದ್ರನ ಮೇಲೆ ಇಳಿಯುವ ನೌಕೆಯ, ಅಂದರೆ ಲ್ಯಾಂಡರಿನ, ಸಿಮ್ಯುಲೇಟರ್ ಕಟ್ಟಹೊರಟಿದ್ದೆ. ಇಳಿಯುವ ನಡುವೆಯೇ ಕಂಪ್ಯೂಟರ್ ರೀಸ್ಟಾರ್ಟ್ ಆದರೂ ಅದು ಬೀಳಬಾರದು ಅಂದಿದ್ದೆ. "ಇಳಿಯುವಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗೋದಾ? ಒಳಗೆ ಕೂತವರ ಗತಿ?" ಅಂತ ಗೆಳೆಯರೆಲ್ಲ ನಕ್ಕಿದ್ದರು. ಈಗ ನನ್ನ ಸಿಮ್ಯುಲೇಟರಿನಲ್ಲಿ ಒಂದೇ ಇಳಿತದಲ್ಲಿ ಐದಾರು ಸಲ ರೀಸ್ಟಾರ್ಟ್ ಮಾಡಿಸಿದರೂ ಎಂಜಿನ್ ಕೆಮ್ಮುವುದಿಲ್ಲ.

ಮೊದಲು ನಾನೂ ರೇಡಾರ್, ಗೈಡೆನ್ಸ್ (ಯಾವ ದಾರಿಯಲ್ಲಿ ಇಳಿಯಬೇಕು ಅನ್ನೋ ಲೆಕ್ಕ), ಆಟೋಪೈಲಟ್ (ನೌಕೆಯನ್ನು ನೆಟ್ಟಗೆ ಹಿಡಿಯುವ ಭಾಗ), ಡಿಸ್‌ಪ್ಲೇ ಎಲ್ಲವನ್ನೂ ಒಂದರ ಹಿಂದೊಂದು ಸುತ್ತುವ ಒಂದೇ ಲೂಪಿಗೆ ತುರುಕಿದ್ದೆ. ಪೈಲಟ್ ನಾಲ್ಕು ಕೀ ಜಾಸ್ತಿ ಒತ್ತಿದರೆ ಆಟೋಪೈಲಟ್ ತಡವಾಗಿ ಲ್ಯಾಂಡರ್ ಕುಡಿದವರ ಹಾಗೆ ತೂರಾಡುತ್ತಿತ್ತು. ವೇಗದ ಬೋರ್ಡ್ ಕೊಂಡೆ. ಸಾಲದೆ ಇನ್ನೊಂದು. ಹೆಚ್ಚುಕಡಿಮೆ ಒಂದೂವರೆ ತಿಂಗಳ ಸಂಬಳ ಹೋಯಿತು, ತೂರಾಟ ಹೋಗಲಿಲ್ಲ.

ಆಗ ಅಪೊಲೊ 11ರ ಕಡೆ ತಿರುಗಿದೆ. ಅದರ ಲ್ಯಾಂಡರಿನ ಕಂಪ್ಯೂಟರಿನಲ್ಲಿ ಬರೆದು ಅಳಿಸಬಹುದಾದ ಮೆಮೊರಿ ಇದ್ದದ್ದೇ 2,048 ವರ್ಡ್, ಅಂದರೆ ಅಷ್ಟು ಚಿಕ್ಕ ಖಾನೆಗಳು. ಇಳಿಯುವಾಗ ಬೇಡದ ರೇಡಾರ್ ಸಿಗ್ನಲ್ ಸಮಯ ತಿಂದು, ಕೆಲಸ ಮಿತಿಮೀರಿತು ಅನ್ನುವ 1202 ಅಲಾರಂ ಬಂತು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಮುಖ್ಯ ಕೆಲಸಗಳನ್ನಷ್ಟೇ ಮತ್ತೆ ಎತ್ತಿಕೊಂಡಿತು. ನಾನೂ ಅದೇ ದಾರಿ ಹಿಡಿದು, ಹಳೇ ಬೋರ್ಡನ್ನೇ ಮತ್ತೆ ಬಳಸಿ ಕೆಲಸಗಳನ್ನು ಬೇರೆ ಬೇರೆ ಮಾಡಿದೆ. ಆಟೋಪೈಲಟ್ ಸೆಕೆಂಡಿಗೆ 10 ಸಲ, ಗೈಡೆನ್ಸ್ 2 ಸೆಕೆಂಡಿಗೊಮ್ಮೆ, ಡಿಸ್‌ಪ್ಲೇ ಪುರುಸೊತ್ತಾದಾಗ.

ಮೊದಲ ರೀಸ್ಟಾರ್ಟಿಗೇ ಲ್ಯಾಂಡರ್ ಚಂದ್ರನ ನೆಲದೊಳಗೆ ಸುಮಾರು 40 ಮೀಟರ್ ಹೂತುಹೋಯಿತು! ಮೂರು ವಾರ ತಲೆ ಕೆರೆದುಕೊಂಡೆ. ವೇಗಕ್ಕೆ ಹೊಸ ಅಳತೆ ಕೂಡಿಸಿದ ಮೇಲೆ, "ಮುಗೀತು" ಅಂತ ಗುರುತು ಹಾಕುವ ಮೊದಲೇ ರೀಸ್ಟಾರ್ಟ್ ಆಗಿತ್ತು. ಎದ್ದ ಮೇಲೆ ಅದೇ ಅಳತೆಯನ್ನು ಇನ್ನೊಮ್ಮೆ ಕೂಡಿಸಿತ್ತು. ಈಗ ಲೆಕ್ಕವೆಲ್ಲ ಬೇರೆ ಪ್ರತಿಯಲ್ಲಿ ನಡೆಯುತ್ತದೆ, ಕೊನೆಗೆ ಒಂದೇ ಏಟಿಗೆ ಆ ಪ್ರತಿ ಹಳೆಯದರ ಜಾಗಕ್ಕೆ ಬರುತ್ತದೆ. ಗುರುತು ಎಲ್ಲೆಲ್ಲಿ ಹಾಕಿದ್ದೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

    

ಹೋದ ವಾರ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯನನ್ನೇ ಜಾಯ್‌ಸ್ಟಿಕ್ ಮುಂದೆ ಕೂರಿಸಿದೆ. ರೀಸ್ಟಾರ್ಟ್ ಆದದ್ದು ಗೊತ್ತಾಗದಿರಲಿ ಅಂತ ಅಲಾರಂ ದೀಪದ ವೈರ್ ಮೊದಲೇ ಕಿತ್ತಿದ್ದೆ. ಒಂದು ಕ್ಲಿಕ್ಕಿಗೆ ಸೆಕೆಂಡಿಗೆ 0.3 ಮೀಟರಿನಂತೆ ವೇಗ ಇಳಿಸುತ್ತಾ ಮೆಲ್ಲಗೆ ನೆಲ ಮುಟ್ಟಿಸಿದ.

"ಸರಿ, ಯಾವಾಗ ರೀಸ್ಟಾರ್ಟ್ ಮಾಡ್ತೀಯಾ?" ಅಂದ.

"ಆಗಲೇ ಮೂರು ಸಲ ಆಯ್ತಲ್ಲೋ" ಅಂದೆ.